ಅವನೇ ರಾಕ್ಷಸ ಅಲ್ವಾ, ಮತ್ತೆ ಬೇರೆ ರಾಕ್ಷಸರನ್ನ ಕೊಲ್ಲೋಕೆ ಅವನ್ಯಾರು?

ನಾನು ಬರೀತಿರೋ ಕಥೆ ಓದೋರು ಸುತ್ತಿ ಬಳಸಿ ಕೊನೆಗೆ ಬಂದು ನಿಲ್ಲೋದು ಈ ಪ್ರಶ್ನೆಗೇ. ಕಥೆ ಓದದೇ ಇರೋರಿಗೆ ಎರಡು ಮಾತಲ್ಲಿ ಹೇಳಿಬಿಡ್ತೀನಿ. ನನ್ನ ನಾಯಕ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿದ್ದ ಲಿವೋನಿಯಾ ಅನ್ನೋ ಸೀಮೆಯ ಜರ್ಮನ್ ಜಮೀನ್ದಾರ, ಬ್ಯಾರನ್. ಆ ಸೀಮೆ ಈಗ ಲಾಟ್ವಿಯಾ ಮತ್ತು ಎಸ್ಟೋನಿಯಾ ದೇಶಗಳಲ್ಲಿ ಹಂಚಿಹೋಗಿದೆ. ಅವನು ಹುಟ್ಟಿದ್ದು ಹದಿನೇಳನೇ ಶತಮಾನದಲ್ಲಿ, ಇನ್ನೂ ಸತ್ತಿಲ್ಲ. ತೋಳ ಆಗ್ತಾನೆ, ಅಂದ್ರೆ ವೇರ್‌ವುಲ್ಫ್. ಯಾವ ಸರ್ಕಾರನೂ ಅವನನ್ನ ಕಳಿಸಿಲ್ಲ, ಯಾವ ಕೋರ್ಟೂ ಅನುಮತಿ ಕೊಟ್ಟಿಲ್ಲ, ಆದ್ರೂ ರಾತ್ರಿ ಹೊತ್ತು ತಾನೇ ಹೋಗಿ ಜನರನ್ನ ಕಾಡೋ ರಾಕ್ಷಸರನ್ನ ಹುಡುಕಿ ಮುಗಿಸ್ತಾನೆ. ಓದುಗರು ಕೇಳೋದು ಇಷ್ಟೇ, ಇವನೇ ಒಂದು ಮೃಗ, ಇವನಿಗೆ ಈ ಹಕ್ಕು ಎಲ್ಲಿಂದ ಬಂತು, ಇವನನ್ನ ಯಾಕೆ ಹೀರೋ ಮಾಡಿದೀರಿ?

ಹಕ್ಕು ಇಲ್ಲ. ಅವನಿಗೂ ಅದು ಗೊತ್ತು, ನನ್ನ ಕಥೆ ನಡೀತಿರೋದೇ ಅದರ ಮೇಲೆ. ಆದ್ರೆ ತೋಳ ಅಂದ್ರೆ ಕೆಟ್ಟದ್ದು, ಬೇಟೆಗಾರ ಅಂದ್ರೆ ಒಳ್ಳೇವನು, ಇವೆರಡನ್ನ ನಾನು ಬೇಕಂತ ಕಲಸಿ ಹೊಸ ಫ್ಯಾಷನ್ ಮಾಡ್ತಿದೀನಿ ಅಂತ ಕೆಲವರು ಅಂದ್ಕೊಂಡಿದಾರಲ್ಲ, ಅದಕ್ಕೆ ಮಾತ್ರ ಸರಿಯಾಗಿ ಉತ್ತರ ಕೊಡಬೇಕು, ಯಾಕಂದ್ರೆ ಇದು ಹೊಸದಲ್ಲ, ಮುನ್ನೂರು ವರ್ಷಕ್ಕಿಂತ ಹಿಂದೆ ಒಬ್ಬ ಮುದುಕ ಕೋರ್ಟಲ್ಲಿ ನಿಂತು ಹೇಳಿದ ಮಾತು.

1692ರಲ್ಲಿ ಲಿವೋನಿಯಾದ ಯೂರ್ಗೆನ್ಸ್‌ಬುರ್ಗ್‌ನಲ್ಲಿ, ಆಗ ಅದು ಸ್ವೀಡನ್ ಆಳ್ವಿಕೆಯಲ್ಲಿತ್ತು, ಚರ್ಚ್ ಕಳ್ಳತನದ ಒಂದು ಕೇಸಿಗೆ ಥೀಸ್ ಅನ್ನೋ ಎಂಬತ್ತು ದಾಟಿದ ರೈತನನ್ನ ಸಾಕ್ಷಿ ಹೇಳೋಕೆ ಕರೆಸಿದ್ರು. ಇವನು ತೋಳ ಆಗ್ತಾನೆ ಅಂತ ಊರೆಲ್ಲ ಮಾತಾಡ್ತಿತ್ತು. ನ್ಯಾಯಾಧೀಶರು ಕೇಳಿದ್ರೆ ಮುದುಕ ಒಂಚೂರೂ ಅಳುಕದೆ ಹೌದು ಅಂದುಬಿಟ್ಟ. ಅಷ್ಟೇ ಅಲ್ಲ, ನಾವು ದೇವರ ನಾಯಿಗಳು ಅಂದ. ವರ್ಷದಲ್ಲಿ ಮೂರು ರಾತ್ರಿ ತೋಳಗಳಾಗಿ ನರಕಕ್ಕೆ ಹೋಗ್ತೀವಿ, ಮಾಟಗಾರರು ಕದ್ದು ಅಲ್ಲಿಗೆ ಒಯ್ದಿರೋ ಧಾನ್ಯ, ದನಕರು, ಮೀನಿನ ಭಾಗ್ಯ ಎಲ್ಲಾನೂ ಹೊಡೆದಾಡಿ ವಾಪಸ್ ತರ್ತೀವಿ, ನಮ್ಮ ಕೈಲಿ ಕಬ್ಬಿಣದ ಚಾವಟಿ, ಅವರ ಕೈಲಿ ಪೊರಕೆ ಕೋಲು, ನಾವು ಗೆದ್ದ ವರ್ಷ ಬೆಳೆ ಚೆನ್ನಾಗಿ ಬರುತ್ತೆ ಅಂತೆಲ್ಲ ವಿವರವಾಗಿ ಹೇಳಿದ. ನಿನ್ನ ಮೂಗು ಯಾಕೆ ಮುರಿದಿದೆ ಅಂದ್ರೆ ಅಲ್ಲೇ ಆ ಜಗಳದಲ್ಲೇ ಮುರೀತು ಅಂದ. ಪಾದ್ರಿ ಬಂದು ಇದು ಪಾಪ, ಸೈತಾನನ ಸಹವಾಸ, ತಪ್ಪಾಯ್ತು ಅನ್ನು ಅಂತ ಎಷ್ಟು ಹೇಳಿದ್ರೂ ಒಪ್ಪಲಿಲ್ಲ, ಜನಕ್ಕೆ ಒಳ್ಳೇದು ಮಾಡಿದ್ದು ಹೇಗೆ ಪಾಪ ಆಗುತ್ತೆ ಅನ್ನೋದೇ ಅವನ ವಾದ. ಕೊನೆಗೆ ಛಡಿ ಏಟು, ಜೊತೆಗೆ ಗಡೀಪಾರು ಅಂತ ತೀರ್ಪಾಯ್ತು.

ಈ ವಿಚಾರಣೆಯ ದಾಖಲೆ ಉಳಿದಿದೆ, ಇತಿಹಾಸಕಾರ ಕಾರ್ಲೋ ಗಿನ್ಸ್‌ಬುರ್ಗ್ ಇಟಲಿಯ ಫ್ರಿಯೂಲಿ ಸೀಮೆಯಲ್ಲಿ ಬೆಳೆ ಕಾಯೋಕೆ ರಾತ್ರಿ ಮಾಟಗಾರರ ಜೊತೆ ಹೊಡೆದಾಡ್ತೀವಿ ಅಂತ ಹೇಳಿಕೊಂಡ ರೈತರ ಬಗ್ಗೆ 1966ರಲ್ಲಿ ಪುಸ್ತಕ ಬರೆದಾಗ ಥೀಸ್‌ನನ್ನೂ ಅವರ ಪಕ್ಕದಲ್ಲೇ ನಿಲ್ಲಿಸಿದ. ಅಂದ್ರೆ ರಾಕ್ಷಸರನ್ನ ಬೇಟೆಯಾಡೋ ತೋಳ ನನ್ನ ತಲೆಯಿಂದ ಹುಟ್ಟಿದ್ದಲ್ಲ. ನಾನು ಸೇರಿಸಿದ್ದು ಬ್ಯಾರನ್‌ನನ್ನ ಮಾತ್ರ. ಆ ಕೋರ್ಟಿನ ಮೂಲೆಯಲ್ಲಿ ಒಬ್ಬ ಯುವಕ ಜಮೀನ್ದಾರ ಕೂತಿದ್ದ, ಮುದುಕನ ಬೆನ್ನ ಮೇಲೆ ಏಟು ಬೀಳೋದನ್ನೂ ನೋಡಿದ, ನೋಡಿ ನಕ್ಕ ಅಂತ ಕಲ್ಪಿಸಿಕೊಂಡೆ. ಪಾತ್ರೆಗೆ ಮೂರು ಸಲ ಉಸಿರೂದಿ, ನನಗಾದ ಹಾಗೆ ನಿನಗೂ ಆಗಲಿ ಅಂತ ಹೇಳಿ ಕುಡಿಯೋಕೆ ಕೊಟ್ರೆ ಈ ತೋಳತನ ಇನ್ನೊಬ್ಬರಿಗೆ ದಾಟುತ್ತೆ ಅಂತಲೂ ಥೀಸ್ ವಿಚಾರಣೆಯಲ್ಲಿ ಹೇಳಿದ್ದ. ನನ್ನ ಕಥೆಯಲ್ಲಿ ಬ್ಯಾರನ್ ಆ ಪಾತ್ರೆಯಿಂದ ಕುಡೀತಾನೆ, ಸವಾಲು ಹಾಕೋ ಥರ, ಇದರಲ್ಲೇನಿದೆ ನೋಡೇ ಬಿಡ್ತೀನಿ ಅಂತ.

ಹಾಗಾದ್ರೆ ಬ್ಯಾರನ್ನೇ ಯಾಕೆ, ಒಬ್ಬ ರೈತನನ್ನೇ ನಾಯಕ ಮಾಡಬಹುದಿತ್ತಲ್ಲ ಅಂತ ಇನ್ನೊಂದು ಗುಂಪು ಕೇಳುತ್ತೆ. ಇದು ನನಗೆ ತುಂಬಾ ಮುಖ್ಯ. ಲಿವೋನಿಯಾದ ಜಮೀನ್ದಾರ ಅಂದ್ರೆ ಬರೀ ದುಡ್ಡಿರೋನಲ್ಲ, ಅವನ ಜಮೀನಲ್ಲಿ ದುಡಿಯೋ ರೈತ ಅವನಿಗೇ ಕಟ್ಟುಬಿದ್ದೋನು, ಸಣ್ಣಪುಟ್ಟ ತಪ್ಪಿಗೆ ಅವನ ಬೆನ್ನಿಗೆ ಛಡಿ ಏಟು ಹಾಕಿಸೋ ಅಧಿಕಾರ ಧಣಿಯ ಕೈಲೇ ಇತ್ತು. ದೂರು ಕೊಡೋನು, ತೀರ್ಪು ಹೇಳೋನು, ಶಿಕ್ಷೆ ಕೊಡಿಸೋನು ಎಲ್ಲಾ ಒಬ್ಬನೇ. ಈಗ ಕಾನೂನು ಕೈಗೆ ತಗೊಂಡು ಒಂಟಿಯಾಗಿ ನ್ಯಾಯ ಹೇಳ್ತೀನಿ ಅಂತ ಹೊರಡೋ ಬೇಟೆಗಾರನನ್ನ ನೋಡಿ, ಅವನು ಮಾಡೋದೂ ಅದೇ ತಾನೆ? ರೈತ ಒಬ್ಬ ಹಾಗೆ ಹೊರಟ್ರೆ ಅದು ಬಂಡಾಯ ಆಗುತ್ತೆ, ಬ್ಯಾರನ್ ಹೊರಟ್ರೆ ಹಳೇ ಚಾಳಿ. ಆ ಚಾಳಿ ಅವನಿಗೇ ಅಸಹ್ಯ ಆಗೋವರೆಗೂ ಅವನನ್ನ ಎಳ್ಕೊಂಡು ಹೋಗಬೇಕು ಅನ್ನೋದು ನನ್ನ ಆಸೆ.

ಇದಕ್ಕೂ ಒಂದು ಹಳೇ ಬೇರಿದೆ. ಲಾಟ್ವಿಯಾದ ರೀಗಾ ಪಟ್ಟಣಕ್ಕೆ ಹರಿದು ಬರೋ ದೌಗಾವ ನದಿಯ ಮೇಲ್ಗಡೆಗೆ ಪೊಲೋಟ್ಸ್ಕ್ ಅಂತ ಊರಿದೆ, ಅಲ್ಲಿ 1044ರಿಂದ 1101ರವರೆಗೆ ಆಳಿದ ವ್ಸೆಸ್ಲಾವ್ ಅನ್ನೋ ರಾಜ ತೋಳ ಆಗ್ತಿದ್ದ ಅಂತ ಜನ ನಂಬಿದ್ರು. ಈಗೋರ್ ರಾಜನ ದಂಡಯಾತ್ರೆಯ ಹಳೇ ಸ್ಲಾವಿಕ್ ಕಾವ್ಯದಲ್ಲಿ ಅವನ ಬಗ್ಗೆ ಬರೋ ಸಾಲುಗಳ ತಾತ್ಪರ್ಯ ಹೀಗೆ, ರಾಜನಾಗಿ ಜನರಿಗೆ ನ್ಯಾಯ ಹೇಳ್ತಿದ್ದ, ರಾತ್ರಿ ಮಾತ್ರ ತೋಳನಾಗಿ ಓಡ್ತಿದ್ದ, ಕೀವ್‌ನಿಂದ ಹೊರಟ್ರೆ ಕೋಳಿ ಕೂಗೋದ್ರೊಳಗೆ ದೂರದ ಕಪ್ಪು ಸಮುದ್ರದ ಕಡೆಯ ತ್ಮುತರಕಾನ್ ತಲುಪ್ತಿದ್ದ. ನ್ಯಾಯ ಹೇಳೋನು ಮತ್ತು ತೋಳ ಒಂದೇ ಮೈಯಲ್ಲಿ, ಒಂದೇ ಉಸಿರಲ್ಲಿ! ಈ ಭಾಗ ಓದಿದಾಗ ನನಗೆ ರೋಮಾಂಚನ ಆಯ್ತು, ಈಗಲೂ ಆಗುತ್ತೆ.

ಹುಣ್ಣಿಮೆ ಎಲ್ಲಿ, ಬೆಳ್ಳಿ ಗುಂಡು ಎಲ್ಲಿ ಅಂತಾನೂ ಕೇಳ್ತಾರೆ. ನನ್ನ ಕಥೆಯಲ್ಲಿ ಇಲ್ಲ. ಹುಣ್ಣಿಮೆ ಬಂದ್ರೆ ತೋಳ ಆಗಲೇಬೇಕು ಅನ್ನೋ ನಿಯಮ ಗಟ್ಟಿಯಾಗಿದ್ದು ಸಿನಿಮಾಗಳಿಂದ, ಥೀಸ್‌ಗೆ ಅದರ ಗೊಡವೆನೇ ಇರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ, ಇವನೇ ಯಾಕೆ ಬೇಟೆಗಾರ. ಯಾಕಂದ್ರೆ ಎದುರಿಗೆ ನಿಂತಿರೋದು ನಿಜವಾಗ್ಲೂ ರಾಕ್ಷಸನಾ ಅಂತ ಎರಡು ಸಲ ಯೋಚನೆ ಮಾಡೋ ಬೇಟೆಗಾರ ನನಗೆ ಬೇಕಿತ್ತು, ಮೃಗ ಅನ್ನಿಸಿಕೊಳ್ಳೋದು ಅಂದ್ರೆ ಏನು ಅಂತ ಗೊತ್ತಿರೋನಿಗೆ ಮಾತ್ರ ಆ ಯೋಚನೆ ಬರುತ್ತೆ. ಯುರೋಪಿನಲ್ಲಿ ತೋಳ ಅಂತ ಹೆಸರಿಟ್ಟು ಕೊಂದಿದ್ದು ಮನುಷ್ಯರನ್ನೇ. 1589ರಲ್ಲಿ ಜರ್ಮನಿಯ ಕಲೋನ್ ಹತ್ತಿರದ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಅನ್ನೋ ರೈತನನ್ನ ಹಿಡಿದು, ಚಿತ್ರಹಿಂಸೆಯ ಭಯದಲ್ಲಿ ಅವನು ಒಪ್ಪಿಕೊಂಡಿದ್ದನ್ನೇ ಸತ್ಯ ಅಂತ ಮಾಡಿ, ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ತಲೆ ಕಡಿದು ಸುಟ್ರು. ಅದಾಗಿ ಹದಿನಾಲ್ಕು ವರ್ಷಕ್ಕೆ, 1603ರಲ್ಲಿ, ಫ್ರಾನ್ಸಿನಲ್ಲಿ ಜಾನ್ ಗ್ರೆನಿಯೇ ಅನ್ನೋ ಹುಡುಗ, ಇನ್ನೂ ಮೀಸೆ ಚಿಗುರದವನು, ನಾನು ತೋಳ ಆಗಿ ಮಕ್ಕಳನ್ನ ತಿಂದಿದೀನಿ ಅಂತ ತಾನೇ ಹೇಳಿಕೊಂಡ. ಬೋರ್ಡೋ ನಗರದ ಕೋರ್ಟು ಇವನನ್ನ ಸುಡಲಿಲ್ಲ, ಇವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ತೀರ್ಮಾನಿಸಿ ಒಂದು ಮಠಕ್ಕೆ ಕಳಿಸ್ತು. ಹಾಗೆ ತಡೆದು ನಿಂತು ನೋಡಿದ ಕೋರ್ಟಿನ ಥರದ ಬೇಟೆಗಾರ ನನಗೆ ಬೇಕಿತ್ತು.

ಹನ್ನೆರಡನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಅನ್ನೋ ಕವಯಿತ್ರಿ ಬರೆದ ಬಿಸ್ಕ್ಲಾವ್ರೆ ಅನ್ನೋ ಕಥನಕವನದಲ್ಲೂ ನನ್ನನ್ನ ಹಿಡಿದು ನಿಲ್ಲಿಸೋದು ಇದೇ ಜಾಗ. ಅಲ್ಲೂ ನಾಯಕ ಒಬ್ಬ ಬ್ಯಾರನ್, ವಾರದಲ್ಲಿ ಮೂರು ದಿನ ತೋಳ. ಹೆಂಡತಿ ಅವನ ಬಟ್ಟೆ ಕದ್ದು ಬಚ್ಚಿಡಿಸ್ತಾಳೆ, ಬಟ್ಟೆ ಇಲ್ಲದೆ ಅವನಿಗೆ ಮತ್ತೆ ಮನುಷ್ಯ ಆಗೋಕಾಗಲ್ಲ, ಅವಳು ಇನ್ನೊಬ್ಬನನ್ನ ಮದುವೆ ಆಗ್ತಾಳೆ. ತೋಳ ರಾಜನ ಆಸ್ಥಾನದಲ್ಲಿ ಸಾಧುವಾಗಿ ಇರುತ್ತೆ, ಆದ್ರೆ ಅವಳ ಆ ಹೊಸ ಗಂಡ ಬಂದಾಗ ಮೇಲೆ ಬೀಳುತ್ತೆ, ಆಮೇಲೆ ಹೆಂಡತಿ ಬಂದಾಗ ಅವಳ ಮೂಗೇ ಕಿತ್ತು ಹಾಕುತ್ತೆ. ಎಲ್ಲರೂ ಅದನ್ನ ಕೊಲ್ಲೋಕೆ ಎದ್ದಾಗ ಆಸ್ಥಾನದ ಒಬ್ಬ ವಿವೇಕಿ ಅಡ್ಡ ಬಂದು, ಈ ಪ್ರಾಣಿ ಇಷ್ಟು ದಿನ ಯಾರಿಗೂ ಏನೂ ಮಾಡಿಲ್ಲ, ಇವರಿಬ್ಬರ ಮೇಲೆ ಮಾತ್ರ ಯಾಕೆ ಸಿಟ್ಟು ಅಂತ ಮೊದಲು ವಿಚಾರಿಸಿ ಅಂತಾನೆ. ಹಾಗೆ ವಿಚಾರಿಸಿದ್ದಕ್ಕೇ ಸತ್ಯ ಹೊರಬೀಳುತ್ತೆ. ಸರಿ, ಆ ಹೆಂಗಸಿಗೆ ಹಿಂಸೆ ಕೊಟ್ಟು ಬಾಯಿ ಬಿಡಿಸ್ತಾರೆ, ಅದು ನನಗೆ ಒಂದಿಷ್ಟೂ ಸೇರಲ್ಲ. ಆದ್ರೆ ಆ ಪ್ರಶ್ನೆ ಇದೆಯಲ್ಲ, ಅದನ್ನ ನನ್ನ ಬ್ಯಾರನ್ ಪ್ರತೀ ಬೇಟೆಗೆ ಮುಂಚೆ ಕೇಳ್ಕೊಳ್ತಾನೆ, ಇವರ ಮೇಲೆ ಮಾತ್ರ ಯಾಕೆ?

ಎರಡನೇ ಭಾಗದ ಲಿಯೆತುವೇನ್ಸ್ ಪ್ರಸಂಗ ಓದಿ ತುಂಬಾ ಜನ ಅತ್ತಿದ್ದಾಗಿ ಬರೆದಿದ್ರು, ಅದು ಹುಟ್ಟಿದ್ದೂ ಇಲ್ಲಿಂದಲೇ. ಲಾಟ್ವಿಯಾದ ಜನಪದ ನಂಬಿಕೆಯಲ್ಲಿ ನೇಣು ಬಿದ್ದು, ಮುಳುಗಿ, ಕತ್ತು ಹಿಸುಕಿಸಿಕೊಂಡು ಸತ್ತವರ ಆತ್ಮ ಲಿಯೆತುವೇನ್ಸ್ ಆಗುತ್ತೆ, ರಾತ್ರಿ ಬಂದು ಮಲಗಿದವರ ಎದೆ ಮೇಲೆ ಕೂತು ಅಮುಕುತ್ತೆ, ಕೊಟ್ಟಿಗೆಯ ಪ್ರಾಣಿಗಳನ್ನೂ ಬಿಡಲ್ಲ. ಬ್ಯಾರನ್ ಅದನ್ನ ಬೇಟೆಯಾಡೋಕೆ ಹೋಗ್ತಾನೆ. ಹೋಗಿ ನೋಡಿದ್ರೆ ಅದು ಕಾಡ್ತಿರೋದು ಒಂದೇ ಮನೆತನವನ್ನ, ಅವನ ಜಮೀನಿನ ಹಳೇ ಮೇಸ್ತ್ರಿಯ ವಂಶವನ್ನ. ವಿಚಾರಿಸ್ತಾ ಹೋದ್ರೆ ಅದು ಛಡಿ ಏಟಿಗೆ ಹೆದರಿ ಓಡಿ ಕೆರೆಗೆ ಬಿದ್ದ ಹೆಂಗಸು. ಏಟು ಹಾಕು ಅಂದಿದ್ದು ಯಾರು? ಇವನೇ. ಅವನಿಗೆ ಆ ದಿನ ನೆನಪೂ ಇಲ್ಲ, ಅಂಥ ಅಪ್ಪಣೆ ಎಷ್ಟು ಕೊಟ್ಟಿದ್ನೋ ಏನೋ. ಇಲ್ಲಿ ರಾಕ್ಷಸ ಯಾರು ಅಂತ ನಾನು ಪುಟದಲ್ಲಿ ಬರೀಲಿಲ್ಲ, ಬರೆಯೋ ಅಗತ್ಯ ಇರಲಿಲ್ಲ.

ಅಷ್ಟು ವರ್ಷ ಬದುಕಿಸಿದ್ದು ಯಾಕೆ ಅನ್ನೋದಕ್ಕೂ ಇದೇ ಉತ್ತರ. ತೋಳಮನುಷ್ಯ ನೂರಾರು ವರ್ಷ ಬದುಕ್ತಾನೆ ಅನ್ನೋದು ಹಳೇ ಕಥೆಗಳಲ್ಲಿ ಅಷ್ಟಾಗಿ ಇಲ್ಲ, ಹಳೇ ರೋಮಿನ ಲೇಖಕ ಪ್ಲೀನಿ ಬರೆದಿಟ್ಟ, ಗ್ರೀಸಿನ ಅರ್ಕೇಡಿಯಾ ಸೀಮೆಯ ಕಥೆಯಲ್ಲಿ ಒಂಬತ್ತು ವರ್ಷ ತೋಳನಾಗಿದ್ದು ವಾಪಸ್ ಬಂದೋನ ಮುಖಕ್ಕೆ ಆ ಒಂಬತ್ತು ವರ್ಷದ ವಯಸ್ಸೂ ಸೇರಿಕೊಂಡಿರುತ್ತೆ. ಆಯಸ್ಸು ನಾನು ಕೊಟ್ಟಿದ್ದು. ಸಾಮಾನ್ಯ ಜಮೀನ್ದಾರ ತನ್ನ ಕಾಲದ ಕಾನೂನಿನ ನೆರಳಲ್ಲೇ ಹುಟ್ಟಿ ಅದರ ನೆರಳಲ್ಲೇ ಸಾಯ್ತಾನೆ, ತಾನು ಮಾಡಿದ್ದೆಲ್ಲ ಸರಿ ಅಂತಲೇ ಕಣ್ಣು ಮುಚ್ತಾನೆ. ಇವನಿಗೆ ಆ ಸುಖ ಸಿಗಬಾರದು. ಥೀಸ್‌ನ ಗಡೀಪಾರಾಗಿ ಮೂರು ವರ್ಷಕ್ಕೆ, 1695ರಿಂದ 1697ರವರೆಗೆ, ಲಿವೋನಿಯಾದಲ್ಲಿ ಭೀಕರ ಕ್ಷಾಮ ಬಂತು. ಸ್ವೀಡನ್ ಸಾಮ್ರಾಜ್ಯದ ಕಣಜ ಅನ್ನಿಸಿಕೊಂಡಿದ್ದ ಸೀಮೆಯಲ್ಲಿ ರೈತರು ಹಸಿವಿಂದ ಸತ್ರು. ಧಾನ್ಯ ಕದಿಯೋರ ಜೊತೆ ಹೊಡೆದಾಡ್ತೀನಿ ಅಂದ ಮುದುಕನನ್ನ ಹೊಡೆದು ಓಡಿಸಿದ ಮೇಲೆ ಬಂದ ಕ್ಷಾಮ! ಅಲ್ಲಿ ಅವನ ನಗು ನಿಲ್ಲುತ್ತೆ. ಆಮೇಲೆ ಸ್ವೀಡನ್ ರಷ್ಯಾ ಯುದ್ಧ, 1710ರ ಪ್ಲೇಗು, ಅದೇ ವರ್ಷ ರೀಗಾ ರಷ್ಯಾದ ಪೀಟರ್ ದೊರೆಯ ಕೈಗೆ. 1819ರಲ್ಲಿ ಲಿವೋನಿಯಾದ ಜೀತ ಪದ್ಧತಿ ಕಾಗದದ ಮೇಲೆ ಹೋಯ್ತು, ರೈತನಿಗೆ ಬಿಡುಗಡೆ ಸಿಕ್ತು, ಭೂಮಿ ಮಾತ್ರ ಸಿಗಲಿಲ್ಲ. 1905ರ ಬಂಡಾಯದಲ್ಲಿ ಜಮೀನ್ದಾರರ ಬಂಗಲೆಗಳಿಗೆ ಬೆಂಕಿ ಬಿತ್ತು, 1920ರ ಭೂಸುಧಾರಣೆಯಲ್ಲಿ ಎಸ್ಟೇಟುಗಳೇ ಕೈಬಿಟ್ಟು ಹೋದ್ವು, 1939ರಲ್ಲಿ ಅವನ ಜನ ಹಡಗು ಹತ್ತಿ ಜರ್ಮನಿ ಕಡೆ ಹೊರಟೇಬಿಟ್ರು. ಇವನು ಹತ್ತಲಿಲ್ಲ. ಕುರ್ಚಿ ಹೋಯ್ತು, ಕೋಲು ಹೋಯ್ತು, ಬಿರುದಿಗೆ ಬೆಲೆ ಇಲ್ಲ, ತೀರ್ಪು ಕೊಡೋ ಚಟ ಮಾತ್ರ ಉಳೀತು, ಜೊತೆಗೆ ಹಲ್ಲು.

ಹಾಗಾಗಿ ಅವನನ್ನ ಒಳ್ಳೇವನು ಮಾಡೋಕೆ ಹೊರಟಿದೀರಾ ಅಂದ್ರೆ, ಇಲ್ಲ. ಅವನ ಬೇಟೆಯಿಂದ ಹಳೇ ಲೆಕ್ಕ ಚುಕ್ತಾ ಆಗಲ್ಲ, ನೂರು ಜನರನ್ನ ಕಾಪಾಡಿದ್ರೂ ಕೆರೆಗೆ ಬಿದ್ದ ಆ ಹೆಂಗಸು ಎದ್ದು ಬರಲ್ಲ, ಅವನು ಅದನ್ನ ನಿರೀಕ್ಷೆ ಮಾಡೋದೂ ಇಲ್ಲ. ನನಗೆ ಅವನ ಮೇಲೆ ಪ್ರೀತಿ ಇದೆ, ಮುಚ್ಚಿಡಲ್ಲ, ಆದ್ರೆ ಪ್ರೀತಿ ಇದೆ ಅಂತ ಅವನನ್ನ ಕ್ಷಮಿಸೋ ಅಧಿಕಾರ ನನಗಿಲ್ಲ, ಅದು ಕಥೆಯೊಳಗೆ ಅವನಿಂದ ಏಟು ತಿಂದವರ ಮಕ್ಕಳು ಮೊಮ್ಮಕ್ಕಳಿಗೆ ಸೇರಿದ್ದು.

ಕೊನೆಯದಾಗಿ, ಹಾಗಾದ್ರೆ ಇವನನ್ನ ಬೇಟೆಯಾಡೋರು ಯಾರು ಅಂತ ಕೇಳಿದವರಿಗೆ. ನಾಲ್ಕನೇ ಭಾಗದಲ್ಲಿ ಆ ಹೆಂಗಸಿನ ವಂಶದ ಹುಡುಗಿ ಒಬ್ಬಳು ಬರ್ತಾಳೆ, ರೀಗಾದ ದಫ್ತರಖಾನೆಯಲ್ಲಿ ಕೆಲಸ, ಹಳೇ ಎಸ್ಟೇಟ್ ಕಡತಗಳು ಅವಳ ಕೈಗೆ ಸಿಗುತ್ತವೆ, ಅದರಲ್ಲಿ ಯಾರ ಬೆನ್ನಿಗೆ ಯಾವ ತಪ್ಪಿಗೆ ಎಷ್ಟು ಏಟು ಅಂತ ಬ್ಯಾರನ್ನೇ ತನ್ನ ಕೈಯಾರೆ ಬರೆದಿಟ್ಟಿರ್ತಾನೆ. ಅವಳು ಅವನನ್ನ ಕೂರಿಸಿಕೊಂಡು ಒಂದೊಂದೇ ಹೆಸರು ಓದಿ ವಿಚಾರಣೆ ಮಾಡ್ತಾಳೆ, ಅವನು ಉತ್ತರ ಕೊಡಬೇಕು. ತೀರ್ಪು ಏನು ಅಂತ ನನಗೆ ಗೊತ್ತು, ಅದನ್ನ ಅವಳ ಬಾಯಲ್ಲೇ ಹೇಳಿಸ್ತೀನಿ.