ಮ್ಯಾಕ್ ದ ನೈಫ್: ರಾತ್ರೋರಾತ್ರಿ ಹುಟ್ಟಿದ ರಂಗಗೀತೆ

ಈ ಹಾಡಿನ ಚರಿತ್ರೆಯನ್ನು ನಾನು ತಿಳಿದುಕೊಂಡದ್ದು ಕೊನೆಯಿಂದ ಮೊದಲಿಗೆ. ಮೊದಲು ಕಿವಿಗೆ ಬಿದ್ದದ್ದು 1960ರ ಫೆಬ್ರವರಿ 13ರಂದು ಬರ್ಲಿನ್ ನಗರದ ಡಾಯ್ಚ್‌ಲಾಂಡ್‌ಹಾಲೆ ಸಭಾಂಗಣದಲ್ಲಿ ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಹಾಡಿದ ಧ್ವನಿಮುದ್ರಣ. ಅದರಲ್ಲಿ ಕೆಲವು ಚರಣಗಳಾದ ಮೇಲೆ ಅವರಿಗೆ ಸಾಹಿತ್ಯವೇ ಮರೆತುಹೋಗುತ್ತದೆ. ಆದರೆ ಅವರು ತಡವರಿಸುವುದಿಲ್ಲ. ಮುಂದಿನ ಮಾತು ತಿಳಿಯದೆಂಬುದನ್ನೂ, ತಾವು ಈ ಹಾಡನ್ನು ಕೆಡಿಸುತ್ತಿರುವುದನ್ನೂ ಅದೇ ಮಟ್ಟಿನಲ್ಲಿ, ತಾಳ ತಪ್ಪದೆ ಹಾಡಿಯೇ ಹೇಳಿ, ತಮಗಿಂತ ಮೊದಲು ಹಾಡಿದವರ ಹೆಸರನ್ನು ಎಳೆದು ತಂದು, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಗೊಗ್ಗರು ದನಿಯನ್ನು ಅಣಕಿಸಿ ಮುಗಿಸುತ್ತಾರೆ. ಈ ಮರೆವಿನ ಹಾಡಿಗೇ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು. ಅಷ್ಟು ಉಲ್ಲಾಸದ ಹಾಡು ಒಬ್ಬ ಕೊಲೆಗಾರನ ಪಾತಕಗಳ ಪಟ್ಟಿಯೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹಾಡು ಹುಟ್ಟಿದ್ದೂ ಅದೇ ಬರ್ಲಿನ್ನಿನಲ್ಲಿ. 1728ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡ ಜಾನ್ ಗೇ ಅವರ ‘ದ ಬೆಗರ್ಸ್ ಆಪೆರಾ’ವನ್ನು ಸರಿಯಾಗಿ ಇನ್ನೂರು ವರ್ಷಗಳ ನಂತರ ಎಲಿಜಬೆತ್ ಹೌಪ್ಟ್‌ಮನ್ ಜರ್ಮನ್ ಭಾಷೆಗೆ ತಂದರು, ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಅದನ್ನು ತಿದ್ದಿ ತೀಡಿ ಬೇರೆಯದೇ ನಾಟಕವನ್ನಾಗಿಸಿದರು, ಕರ್ಟ್ ವೈಲ್ ಸಂಗೀತ ಕೊಟ್ಟರು. ಗೇ ಅವರು ಹೊಸ ಸಂಗೀತಕ್ಕೆ ಕಾಯದೆ, ಜನರ ಬಾಯಲ್ಲಿದ್ದ ಧಾಟಿಗಳಿಗೆ ತಮ್ಮ ಮಾತುಗಳನ್ನು ಹೊಂದಿಸಿದ್ದರು. ಇಂಥದೇ ಹಾಡಿನ ಮಟ್ಟು ಎಂದು ತಲೆಬರಹದಲ್ಲೇ ಸೂಚಿಸುತ್ತಿದ್ದ ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಈ ಪದ್ಧತಿ ಹೊಸದಲ್ಲ. ವೈಲ್ ಮಾತ್ರ ಹೆಚ್ಚುಕಡಿಮೆ ಎಲ್ಲವನ್ನೂ ಹೊಸದಾಗಿ ಕಟ್ಟಿದರು.

1928ರ ಆಗಸ್ಟ್ 31ರಂದು ಶಿಫ್‌ಬಾವರ್‌ಡಾಮ್ ರಂಗಮಂದಿರದಲ್ಲಿ ಈ ಹೊಸ ನಾಟಕ ‘ದ ಥ್ರೀಪೆನ್ನಿ ಆಪೆರಾ’ ಮೊದಲ ಪ್ರದರ್ಶನ ಕಾಣಲು ಕೆಲವೇ ದಿನಗಳಿದ್ದಾಗಲೂ ಈ ಹಾಡು ಇರಲಿಲ್ಲ. ದರೋಡೆಕೋರ ಮೆಕೀತ್‌ನ (ಹಾಡಿನ ‘ಮ್ಯಾಕ್’ ಇವನೇ) ಪಾತ್ರ ವಹಿಸಿದ್ದ ಹೆರಾಲ್ಡ್ ಪಾಲ್ಸನ್‌ಗೆ ತನ್ನ ಪ್ರವೇಶ ಭರ್ಜರಿಯಾಗಿರಬೇಕೆಂಬ ಹಟವಿತ್ತು; ತನ್ನ ನೀಲಿ ರೇಷ್ಮೆಯ ಬೋ ಟೈಯನ್ನು ಬಿಚ್ಚಲೂ ಆತ ಒಪ್ಪಲಿಲ್ಲವಂತೆ. ಟೈ ಇರಲಿ, ಪ್ರವೇಶಗೀತೆಯೂ ಇರಲಿ, ಆದರೆ ಅದು ಅವನ ಅಪರಾಧಗಳನ್ನೇ ಬಣ್ಣಿಸಲಿ ಎಂದು ಬ್ರೆಕ್ಟ್ ನಿರ್ಧರಿಸಿದರು. ಸಾಹಿತ್ಯ, ಸಂಗೀತ ಎರಡೂ ರಾತ್ರೋರಾತ್ರಿ ಸಿದ್ಧವಾದವು. ಹಾಡುವ ಅವಕಾಶವಾದರೂ ಪಾಲ್ಸನ್‌ಗೆ ದಕ್ಕಲಿಲ್ಲ. ಬೀದಿಗಾಯಕನ ವೇಷದಲ್ಲಿ ಕರ್ಟ್ ಗೆರಾನ್ ಹಾಡಿದರು. ಜೊತೆಗೆ ನುಡಿಯಬೇಕಿದ್ದ, ಹಿಡಿ ತಿರುವಿ ನುಡಿಸುವ ಬ್ಯಾರೆಲ್ ಆರ್ಗನ್ ಮೊದಲ ದಿನವೇ ಕೈಕೊಟ್ಟಿತು. ಗೆರಾನ್ ಬರಿಗೊರಳಲ್ಲಿ ಮೊದಲ ಚರಣ ಮುಗಿಸಿದ ಮೇಲೆ ವಾದ್ಯವೃಂದದವರು ದನಿಗೂಡಿಸಿದರು.

ಜರ್ಮನಿಯ ಜಾತ್ರೆಗಳಲ್ಲಿ ಕೊಲೆ, ದರೋಡೆಗಳ ಚಿತ್ರಪಟವನ್ನು ತೂಗುಹಾಕಿ, ಕೋಲಿನಿಂದ ಒಂದೊಂದನ್ನೇ ತೋರಿಸುತ್ತ ಹಾಡುತ್ತಿದ್ದ ಕಥನಗೀತೆಗೆ ಮೋರಿಟಾಟ್ ಎಂದು ಹೆಸರು. ಈ ಹಾಡಿನ ಮೂಲ ಹೆಸರಿನಲ್ಲಿರುವುದೂ ಅದೇ. ಹಾಡು ಮೆಕೀತ್‌ನನ್ನು ಶಾರ್ಕ್ ಮೀನಿನ ಪಕ್ಕ ನಿಲ್ಲಿಸುವುದೇ ಸೊಗಸು: ಶಾರ್ಕಿನ ಹಲ್ಲು ಎದುರಿಗೇ ಕಾಣುತ್ತದೆ, ಮೆಕೀತ್‌ನ ಚಾಕು ಕಾಣುವುದಿಲ್ಲ. ಸಂಗೀತವೂ ಹೀಗೇ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಧಾಟಿ ಗಾಂಧಾರದಿಂದ ಪಂಚಮಕ್ಕೆ ಏರಿ, ಷಡ್ಜವನ್ನು ಬಯಸದೆ ಧೈವತದ ಮೇಲೆ ಹೋಗಿ ನಿಲ್ಲುತ್ತದೆ. ಸಾಲು ಸಾಲಿಗೂ ಮತ್ತೆ ಅಲ್ಲಿಗೇ ಮರಳುತ್ತದೆ. ಹೆಣಗಳ ಎಣಿಕೆ ಏರಿದರೂ ಮಟ್ಟು ಬದಲಾಗುವುದಿಲ್ಲ.

ಯಹೂದಿಯಾಗಿದ್ದ ವೈಲ್ 1933ರಲ್ಲಿ ಜರ್ಮನಿ ಬಿಟ್ಟು, 1935ರಲ್ಲಿ ಅಮೆರಿಕ ಸೇರಿ, 1950ರಲ್ಲಿ ತೀರಿಕೊಂಡರು. ಹೀಗಾಗಿ 1954ರಲ್ಲಿ ನ್ಯೂಯಾರ್ಕಿನ ಥಿಯೇಟರ್ ಡಿ ಲಿಸ್‌ನಲ್ಲಿ ಆರಂಭವಾಗಿ 2,600ಕ್ಕೂ ಹೆಚ್ಚು ಪ್ರದರ್ಶನ ಕಂಡ ನಾಟಕದ ಇಂಗ್ಲಿಷ್ ರೂಪವನ್ನು ಅವರು ನೋಡಲಿಲ್ಲ. ಅನುವಾದಕ ಮಾರ್ಕ್ ಬ್ಲಿಟ್ಜ್‌ಸ್ಟೈನ್ ಹಾಡಿಗೆ ಅಮೆರಿಕದ ಆಡುನುಡಿಯ ಬಳುಕು ತಂದರು. ಬ್ರೆಕ್ಟರ ಮೂಲದಲ್ಲಿದ್ದ, ಸೋಹೋದ ಬೆಂಕಿಯಲ್ಲಿ ಸುಟ್ಟುಹೋದ ಏಳು ಮಕ್ಕಳು ಮತ್ತು ಮುದುಕನ ಚರಣ ಮುಂದೆ ಜನಪ್ರಿಯವಾದ ಇಂಗ್ಲಿಷ್ ಹಾಡಿಗೆ ಬರಲೇ ಇಲ್ಲ. ಹಾಡು ಸಿಹಿಯಾದದ್ದು ಇಲ್ಲಿಂದ ಎಂಬುದು ನನ್ನ ಲೆಕ್ಕ; ಗಾಯಕರನ್ನು ದೂರಿ ಪ್ರಯೋಜನವಿಲ್ಲ.

1955ರಲ್ಲಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿಕೊಂಡಾಗ ಸ್ಟುಡಿಯೋದಲ್ಲಿ ವೈಲ್ ಅವರ ಪತ್ನಿ ಲೊಟ್ಟೆ ಲೆನ್ಯಾ ಇದ್ದರು. 1928ರ ನಾಟಕದಲ್ಲಿ ಜೆನ್ನಿ ಎಂಬ ಪಾತ್ರ ವಹಿಸಿದ್ದರೂ ಮೊದಲ ದಿನದ ಕಾರ್ಯಕ್ರಮ ಪತ್ರಿಕೆಯಲ್ಲಿ ಅವರ ಹೆಸರು ಬಿಟ್ಟುಹೋಗಿ ವೈಲ್ ಸಿಟ್ಟಿಗೆದ್ದಿದ್ದರು. ಆರ್ಮ್‌ಸ್ಟ್ರಾಂಗ್ ಹಾಡುತ್ತ, ಕಥೆಯ ಹೆಂಗಸರ ಹೆಸರುಗಳ ನಡುವೆ ಲೆನ್ಯಾ ಹೆಸರನ್ನೂ ಸೇರಿಸಿಬಿಟ್ಟರು. ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚಾಗದ ಹೆಸರು ಹೀಗೆ ಹಾಡಿನೊಳಗೇ ಕೂತಿತು. ಅಂದೇ ಇಬ್ಬರೂ ಜೊತೆಯಾಗಿ ಹಾಡಿದ ರೂಪವೂ ಇದೆ. ತಾಳದ ಪೆಟ್ಟುಗಳ ನಡುವೆ ಬೀಳುವ ಜಾಝ್‌ನ ಎಡಪೆಟ್ಟು ಲೆನ್ಯಾಗೆ ಹಿಡಿಯದೆ, ಆರ್ಮ್‌ಸ್ಟ್ರಾಂಗ್ ತಾಳ್ಮೆಯಿಂದ ಹೇಳಿಕೊಡುವುದು ಆ ಅಭ್ಯಾಸದ ಮುದ್ರಣದಲ್ಲಿ ಕೇಳುತ್ತದೆ.

ಗಾಯಕ ಬಾಬಿ ಡಾರಿನ್ ಲೆನ್ಯಾ ಹೆಸರನ್ನು ಹಾಗೆಯೇ ಉಳಿಸಿಕೊಂಡರು. 1959ರಲ್ಲಿ ಅವರ ರೂಪ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಮಟ್ಟು ಎಷ್ಟು ಸಲ ಮರಳಿದರೂ ಬೇಸರವಾಗದಂತೆ, ಹಾಡು ಸಾಗಿದಂತೆ ಶ್ರುತಿಯನ್ನು ಅರ್ಧ ಸ್ವರದಷ್ಟು ಮತ್ತೆ ಮತ್ತೆ ಏರಿಸಿದ್ದು ಅದರ ಜಾಣ್ಮೆ. ಮಾತಿಲ್ಲದೆಯೂ ಇದು ನಿಲ್ಲಬಲ್ಲದೆಂಬುದನ್ನು ಸಾನಿ ರೋಲಿನ್ಸ್ 1956ರಲ್ಲಿ ಸ್ಯಾಕ್ಸೊಫೋನಿನಲ್ಲಿ ತೋರಿಸಿದ್ದರು. 1984ರ ಫ್ರ್ಯಾಂಕ್ ಸಿನಾಟ್ರಾ ರೂಪ ನನಗೆ ಅಷ್ಟಾಗಿ ರುಚಿಸಲಿಲ್ಲ.

ನಾಟಕ ನಮ್ಮ ದೇಶಕ್ಕೂ ಬಂದಿದೆ: ಬಂಗಾಳಿಯಲ್ಲಿ ಅಜಿತೇಶ್ ಬಂದೋಪಾಧ್ಯಾಯ, ಮರಾಠಿಯಲ್ಲಿ ಪು. ಲ. ದೇಶಪಾಂಡೆ ಅದನ್ನು ರೂಪಾಂತರಿಸಿದರು. ದೇಶಪಾಂಡೆಯವರು ಅದನ್ನು ಮರಾಠಿ ಜನಪದ ರಂಗಪ್ರಕಾರದ ಹೆಸರಿನಲ್ಲಿ ತಮಾಷಾ ಎಂದೇ ಕರೆದದ್ದು ಬೀದಿಯ ಹಾಡಿನಿಂದ ಆರಂಭವಾಗುವ ನಾಟಕಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಗೆರಾನ್ ಅವರ ಹಳೆಯ ಜರ್ಮನ್ ಮುದ್ರಿಕೆಯನ್ನು ಹುಡುಕಿ ಕೇಳಿದೆ. ಅದರಲ್ಲಿ ಕುಣಿತವಿಲ್ಲ, ಶ್ರುತಿ ಏರುವುದಿಲ್ಲ. ವರದಿ ಒಪ್ಪಿಸುವವನಂತೆ ಆತ ಒಂದೊಂದೇ ಅಪರಾಧವನ್ನು ಹೇಳುತ್ತ ಹೋಗುತ್ತಾರೆ. ಯಹೂದಿಯಾಗಿದ್ದ ಗೆರಾನ್ ಅವರನ್ನು ನಾಜಿಗಳು 1944ರಲ್ಲಿ ಆಶ್ವಿಟ್ಜ್‌ನಲ್ಲಿ ಕೊಂದರು. ಎಲಾ ಅದೇ ಬರ್ಲಿನ್ನಿನಲ್ಲಿ ಮಾತು ಮರೆತು ಸಭೆಯನ್ನು ನಗಿಸಿದ್ದು ಅದಾಗಿ ಹದಿನಾರು ವರ್ಷಗಳಿಗೆ.