ಕಳಚಿದ ಫ್ಲ್ಯಾಂಜಿನ ಹಿಂಬದಿ

ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಪಂಕ್ತಿಯಲ್ಲಿ ಕುಳಿತಿದ್ದಾಗ, ಸಾರು ಬಡಿಸುವ ಹೊತ್ತಿಗೆ, ಸ್ಟೋಮಾದ ಪಕ್ಕದಲ್ಲಿ ಸಣ್ಣಗೆ ಉರಿ ಶುರುವಾಯಿತು. ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಮಲಕ್ಕೆ ದಾರಿ ಮಾಡುವ ಇಲಿಯಾಸ್ಟಮಿ ಶಸ್ತ್ರಚಿಕಿತ್ಸೆ ನನಗಾಗಿ ಆಗ ಮೂರು ತಿಂಗಳು; ಹಾಗೆ ಹೊರಬಂದ ಕರುಳಿನ ಬಾಯಿಯೇ ಸ್ಟೋಮಾ. ಊಟದ ನಡುವೆ ಏಳುವ ಸಂಕೋಚದಿಂದ ಪಾಯಸದವರೆಗೂ ಕಾದೆ. ಎದ್ದಾಗ ಪಂಚೆಯ ಅಂಚು ಒದ್ದೆಯಾಗಿತ್ತು. ಮಲದ ಚೀಲವನ್ನು ಹಿಡಿದಿಡಲು ಸ್ಟೋಮಾದ ಸುತ್ತ ಚರ್ಮಕ್ಕೆ ಅಂಟಿಸುವ ಬಿಲ್ಲೆಯಾದ ಫ್ಲ್ಯಾಂಜಿನ ಕೆಳಗೆ ಉರಿಯೋ ತುರಿಕೆಯೋ ಕಂಡಿತೆಂದರೆ ಸೋರಿಕೆ ಒಳಗೊಳಗೇ ಹೊರಟಿರಬಹುದೆಂದು ನನಗಿನ್ನೂ ತಿಳಿದಿರಲಿಲ್ಲ.

ಮನೆಗೆ ಬಂದು ಚೀಲವನ್ನು ಬೈದುಕೊಂಡೆನಾದರೂ ಚೀಲ ಎಲ್ಲಿಯೂ ಹರಿದಿರಲಿಲ್ಲ. ಕಳಚಿದ ಫ್ಲ್ಯಾಂಜನ್ನು ಮಗುಚಿ ನೋಡಿದಾಗ, ರಂಧ್ರದಿಂದ ಹೊಕ್ಕುಳಿನ ಕಡೆಗೆ, ಬೆರಳಗಲದಷ್ಟು ಅಂಟು ಬೆಳ್ಳಗೆ ಉಬ್ಬಿ ಕರಗಿ ಕಾಲುವೆಯಂತಾಗಿತ್ತು. ಕನ್ನಡಿಯ ಮುಂದೆ ಕುಳಿತು ನೋಡಿದರೆ ಹೊಟ್ಟೆಯ ಚರ್ಮ ಮಡಚಿಕೊಳ್ಳುತ್ತಿದ್ದುದೂ ಅದೇ ಜಾಗದಲ್ಲಿ. ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆಗೆ ಅಂಟಿಸಿದ್ದು, ಕುಳಿತಾಗ ಗುಳಿಬೀಳುವ ಹೊಟ್ಟೆಯ ಮೇಲೆ ನಿಲ್ಲಬೇಕಿತ್ತು. ಈಗ ಆ ಮಡಿಕೆಯಲ್ಲಿ ತೆಳ್ಳಗೆ ಸ್ಟೋಮಾ ಪೇಸ್ಟ್ ತುಂಬಿ ಸಮಮಾಡಿಕೊಳ್ಳುತ್ತೇನೆ. ಹೆಸರು ಪೇಸ್ಟ್ ಆದರೂ ಅದು ಗೋಂದಲ್ಲ, ಗೋಡೆಯ ಬಿರುಕಿಗೆ ಮೆತ್ತುವ ಪುಟ್ಟಿಯಂಥದ್ದು. ದಪ್ಪಗೆ ಮೆತ್ತಿದರೆ ಫ್ಲ್ಯಾಂಜ್ ಹಿಡಿಯುವುದೇ ಇಲ್ಲ.

ಎರಡನೆಯ ತಪ್ಪನ್ನು ಸ್ಟೋಮಾ ನರ್ಸ್ ಹಿಡಿದರು. ಶಸ್ತ್ರಚಿಕಿತ್ಸೆಯಾದಾಗ ಊದಿಕೊಂಡಿರುವ ಸ್ಟೋಮಾ ಮುಂದಿನ 6ರಿಂದ 8 ವಾರಗಳಲ್ಲಿ ಕುಗ್ಗುತ್ತದೆ, ನಾನಾದರೋ ಆಸ್ಪತ್ರೆಯಲ್ಲಿ ಕೊಟ್ಟ ರಟ್ಟಿನ ಅಳತೆಯನ್ನೇ ಇಟ್ಟು ಕತ್ತರಿಸುತ್ತಿದ್ದೆ. ರಂಧ್ರವು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಅದಕ್ಕಿಂತ ಹಿರಿದಾದರೆ, ಸಣ್ಣಕರುಳಿನಿಂದ ಜೀರ್ಣರಸಗಳ ಸಮೇತ ಬರುವ ತೆಳುಮಲವು ಬರಿಯ ಚರ್ಮದ ಮೇಲೆ ನಿಂತು ಅದನ್ನು ಸುಲಿಯುತ್ತದೆ. ಸುಲಿದ ಚರ್ಮ ಜಿನುಗುತ್ತದೆ, ಜಿನುಗುವ ಚರ್ಮಕ್ಕೆ ಅಂಟು ಕೂರುವುದಿಲ್ಲ, ಅಂಟು ಕೂರದಿದ್ದರೆ ಮತ್ತೆ ಸೋರಿಕೆ. ಹಸಿಯಾದ ಜಾಗಕ್ಕೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಆಮೇಲೆ ಅಂಟಿಸುವುದನ್ನು ಅವರೇ ಕಲಿಸಿದರು.

ಬದಲಾಯಿಸುವುದು ಬೆಳಗ್ಗೆ, ಕಾಫಿಗೂ ಮೊದಲು, ಕರುಳು ಸುಮ್ಮನಿರುವಾಗ. ಬರಿಯ ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಹಳೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಚರ್ಮ ಪೂರ್ತಿ ಒಣಗುವವರೆಗೆ ಕಾಯುತ್ತೇನೆ. ಕೆಂಪಾದ ಚರ್ಮ ಕಂಡಾಗಲೆಲ್ಲ ಅಮ್ಮ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬರುತ್ತಿದ್ದರು. ಎಣ್ಣೆಯ ಪಸೆ ಇದ್ದಲ್ಲಿ ಅಂಟು ಜಾರುತ್ತದೆಂದು ಅವರನ್ನು ಒಪ್ಪಿಸಲು ವಾರವೇ ಹಿಡಿಯಿತು. ಚರ್ಮ ಒಣಗುವಷ್ಟರಲ್ಲಿ ಕಂಕುಳಲ್ಲಿ ಇಟ್ಟುಕೊಂಡ ಫ್ಲ್ಯಾಂಜ್ ಬೆಚ್ಚಗಾಗಿ ಮೆದುವಾಗಿರುತ್ತದೆ. ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನಯಮಾಡಿ, ಅಂಟಿಸಿ, ಮೊದಲು ಸ್ಟೋಮಾದ ಸುತ್ತ, ನಂತರ ಹೊರಅಂಚಿಗೆ ಒತ್ತಿ, ಅಂಗೈಯನ್ನು ಕೆಲವು ನಿಮಿಷ ಅಲ್ಲಿಯೇ ಇಡುತ್ತೇನೆ.

ಚೀಲ ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿಮಾಡುತ್ತೇನೆ, ಏಕೆಂದರೆ ತುಂಬಿದ ಚೀಲದ ಭಾರ ಅಂಟನ್ನು ಜಗ್ಗುತ್ತದೆ. ಫ್ಲ್ಯಾಂಜಿನ ಬೆಲೆ ನೆನೆದು ಐದನೆಯ ದಿನಕ್ಕೂ ಎಳೆಯುತ್ತಿದ್ದ ಕಾಲವೊಂದಿತ್ತು; ಈಗ ನಾಲ್ಕು ದಿನ, ಬೆವರುವ ಬೇಸಿಗೆಯಲ್ಲಿ ಮೂರೇ ದಿನ. ಸೋರಿದಲ್ಲಿ ಮೇಲಿನಿಂದ ಟೇಪು ಹಚ್ಚಿ ದಿನ ದೂಡುವುದಂತೂ ಬೇಡ, ಮಲ ಒಳಗೇ ಸಿಕ್ಕಿಕೊಂಡು ಚರ್ಮವನ್ನು ತಿನ್ನುತ್ತದೆ. ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದವರಿಗೆ ಅಥವಾ ಒಳಸರಿದವರಿಗೆ ಉಬ್ಬು ಫ್ಲ್ಯಾಂಜ್ ಬೇಕಾಗಬಹುದು, ಆದರೆ ಅದನ್ನು ನರ್ಸ್ ನೋಡಿಯೇ ಹೇಳಬೇಕು. ಬಹುಕಾಲ ಸರಿಯಿದ್ದು ಒಮ್ಮೆಲೇ ಸೋರತೊಡಗಿದರೆ, ತೂಕ ಬದಲಾಗಿರಬಹುದು, ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಎದ್ದಿರಲೂಬಹುದು. ಆಗ ವೈದ್ಯರ ಬಳಿಗೇ ಹೋಗಬೇಕು.

ಮೊದಲೇ ಕತ್ತರಿಸಿಟ್ಟ ಒಂದು ಫ್ಲ್ಯಾಂಜ್, ಒಂದು ಚೀಲ ಮತ್ತು ಒಂದು ಪಂಚೆ ಈಗ ಹೆಗಲಚೀಲದಲ್ಲಿ ಸದಾ ಇರುತ್ತವೆ. ಬಿಸಿಲಿಗೆ ಅಂಟು ಹಾಳಾಗುವುದರಿಂದ ಅದನ್ನು ಕಾರಿನಲ್ಲಿ ಬಿಡುವುದಿಲ್ಲ. ಪಂಕ್ತಿಯಲ್ಲಿ ಈಗಲೂ ಕೂರುತ್ತೇನೆ, ಬಾಗಿಲ ಪಕ್ಕದ ಕೊನೆಯ ಎಲೆಗೆ, ಮತ್ತು ಉರಿ ಕಂಡರೆ ಪಾಯಸಕ್ಕೆ ಕಾಯುವುದಿಲ್ಲ.