ಅಪ್ಪ ಗೇಣಿಯ ಲೆಕ್ಕ ಕೇಳಿದ ಊರು: ಅಲಬಾಮಾದ ಫೇರ್‌ಹೋಪ್

ಅಟ್ಲಾಂಟಾ ಸುತ್ತಮುತ್ತ ಇರುವ ನಮ್ಮಂಥ ಕನ್ನಡಿಗರಿಗೆ ಕಡಲು ಎಂದರೆ ಫ್ಲೋರಿಡಾದ ಡೆಸ್ಟಿನ್, ಇಲ್ಲವೇ ಪನಾಮಾ ಸಿಟಿ. ಊರಿನಿಂದ ಅಪ್ಪ ಅಮ್ಮ ಬಂದರೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಬಿಳಿ ಮರಳು, ತಿಳಿನೀರು, ಒಂದು ಸೂರ್ಯಾಸ್ತ. ಎರಡನೆಯ ದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಅವರು ಕೋಣೆಯಲ್ಲಿ ಕುಳಿತು ಊರಿಗೆ ಫೋನ್ ಮಾಡುತ್ತಿರುತ್ತಾರೆ. ವಯಸ್ಸಾದವರು ನಡೆದಾಡಲು, ಯಾರೊಂದಿಗಾದರೂ ನಾಲ್ಕು ಮಾತನಾಡಲು, ಕುತೂಹಲದಿಂದ ಪ್ರಶ್ನೆ ಕೇಳಲು ಒಂದು ಊರು ಬೇಕು. ಅಂಥ ಊರು ಮೊಬಿಲ್ ಕೊಲ್ಲಿಯ ಪೂರ್ವದಂಡೆಯ ಫೇರ್‌ಹೋಪ್. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಅಪ್ಪ ಅಮ್ಮನೊಂದಿಗೆ ಹೋದೆವು. ಅದೇ ಆಗಸ್ಟ್‌ನಲ್ಲಿ ನಾನೂ ನನ್ನ ಗಂಡನೂ ಮತ್ತೆ ಹೋದೆವು. ಹೋಗಬೇಕೆಂದಿರುವವರಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ದಾರಿ ಸುಲಭ. ಮಾಂಟ್ಗೊಮರಿಯವರೆಗೆ 85ನೇ ಹೆದ್ದಾರಿ, ಅಲ್ಲಿಂದ ದಕ್ಷಿಣಕ್ಕೆ 65. ಬರಿಯ ಪ್ರಯಾಣಕ್ಕೇ ಐದೂವರೆ ಗಂಟೆ ಹಿಡಿಯುತ್ತದೆ. ಅಲಬಾಮಾ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆ ಒಂದು ಗಂಟೆಯನ್ನು ಮಾಂಟ್ಗೊಮರಿಗೆ ಕೊಡಿ. ಕಪ್ಪು ಜನಾಂಗದ ರೋಸಾ ಪಾರ್ಕ್ಸ್ 1955ರಲ್ಲಿ ಬಿಳಿಯ ಪ್ರಯಾಣಿಕನಿಗಾಗಿ ಬಸ್ಸಿನ ಸೀಟು ಬಿಟ್ಟೇಳಲು ಒಪ್ಪದ ಊರು ಅದು. ವಿಮಾನದಲ್ಲಿ ಬರುವವರು ಮೊಬಿಲ್ ಅಥವಾ ಪೆನ್ಸಕೋಲಾದಲ್ಲಿ ಇಳಿದು ಕಾರು ಬಾಡಿಗೆಗೆ ಪಡೆಯಬೇಕು. ಕಾರಿಲ್ಲದೆ ಇಲ್ಲಿ ಆಗುವುದಿಲ್ಲ.

ವಸತಿಯ ಬಗ್ಗೆ ಮೊದಲೇ ಎಚ್ಚರಿಸುತ್ತೇನೆ. ಫೇರ್‌ಹೋಪ್ ಇಪ್ಪತ್ತೆರಡು ಸಾವಿರದಷ್ಟು ಜನರ ಊರು. ಪೇಟೆಯ ಒಳಗೆ ಹೋಟೆಲುಗಳು ಕಡಿಮೆ. ಮಾರ್ಚ್ ಮಧ್ಯದಲ್ಲಿ ಮೂರು ದಿನ ನಡೆಯುವ ಕಲೆ ಮತ್ತು ಕರಕುಶಲ ಉತ್ಸವಕ್ಕೆ ಇನ್ನೂರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ, ನೋಡಲು ಬರುವವರು ಲಕ್ಷ ದಾಟುತ್ತಾರೆ. ನಾವು ಎರಡು ತಿಂಗಳು ಮೊದಲೇ ಒಂದು ಮನೆ ಕಾದಿರಿಸಿದ್ದೆವು. ಹೊರಡಲು ಹತ್ತು ದಿನ ಇರುವಾಗ ಮಾಲೀಕರು ರದ್ದು ಮಾಡಿದರು. ಕೊನೆಗೆ ಪಕ್ಕದ ಡ್ಯಾಫ್ನಿಯಲ್ಲಿ ಹೋಟೆಲ್ ಸಿಕ್ಕಿತು, ಇಪ್ಪತ್ತು ನಿಮಿಷದ ದಾರಿ. ಉತ್ಸವಕ್ಕೆಂದೇ ಹೋಗುವವರು ಮನೆಗಿಂತ ಹೋಟೆಲನ್ನೇ ನಂಬುವುದು ಒಳ್ಳೆಯದು. ಜನಜಂಗುಳಿ ಬೇಡವೆನ್ನುವವರು ಆ ವಾರ ತಪ್ಪಿಸಿ, ಏಪ್ರಿಲ್ ಮೊದಲ ವಾರ ಹೋಗಿ. ಹೂವಿನ ಪಾತಿಗಳು ಆಗಲೂ ತುಂಬಿರುತ್ತವೆ.

ಆದರೆ ಅಮ್ಮನಿಗೆ ಆ ಜಂಗುಳಿಯೇ ಇಷ್ಟವಾಯಿತು. ಬೀದಿಗಳಿಗೆ ವಾಹನ ಬಿಡುವುದಿಲ್ಲ, ಪ್ರವೇಶ ಉಚಿತ. ಬುಟ್ಟಿ ಹೆಣೆಯುವ ಒಬ್ಬ ಮುದುಕರ ಮಳಿಗೆಯಲ್ಲಿ ಅವಳು ಮುಕ್ಕಾಲು ಗಂಟೆ ನಿಂತಳು. ಅವರು ಓಕ್ ಮರದ ಸೀಳನ್ನು ನೀರಲ್ಲಿ ಅದ್ದಿ, ತೊಡೆಯ ಮೇಲಿನ ಚರ್ಮದ ತುಂಡಿನ ಮೇಲೆ ಎಳೆದು ನಯ ಮಾಡುತ್ತಿದ್ದರು. ಅಮ್ಮ ತೋರುಬೆರಳಿನಿಂದ ಅಂಚಿನ ಹೆಣಿಗೆಯನ್ನು ಮುಟ್ಟಿ, ‘ನಮ್ಮ ಮೇದರವರು ಇಲ್ಲಿ ಎರಡು ಸುತ್ತು ಹೆಚ್ಚು ಹಾಕುತ್ತಾರೆ’ ಎಂದಳು. ನಾನು ಅನುವಾದಿಸಿದೆ. ಅವರು ಕೆಲಸ ನಿಲ್ಲಿಸಿ, ಹೇಗೆ ಎಂದು ತೋರಿಸಲು ಅವಳ ಕೈಗೇ ಬುಟ್ಟಿ ಕೊಟ್ಟರು.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮವರು ಮೊದಲು ಕೇಳುವುದು ಅದನ್ನೇ. ಮೀನು, ಸಿಗಡಿ, ಏಡಿ ತಿನ್ನುವವರಿಗೆ ಇಲ್ಲಿ ಹಬ್ಬ. ಸಿಗಡಿ ಮತ್ತು ಗ್ರಿಟ್ಸ್ ತಪ್ಪದೆ ತಿನ್ನಿ. ಗ್ರಿಟ್ಸ್ ಎಂದರೆ ಬೇರೇನೂ ಅಲ್ಲ, ಮೆಕ್ಕೆಜೋಳದ ನುಚ್ಚು. ಬೆಣ್ಣೆ ಹಾಕಿ ನಿಧಾನ ಉರಿಯಲ್ಲಿ ಬೇಯಿಸಿರುತ್ತಾರೆ. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡು ಬೆಳೆದವರಿಗೆ ಒಂದು ಚಮಚ ಸಾಕು, ನಾಲಗೆಗೆ ಗುರುತು ಹತ್ತುತ್ತದೆ. ಸಸ್ಯಾಹಾರಿಗಳು ಬರಿಯ ಗ್ರಿಟ್ಸ್ ಕೇಳಿ, ಆದರೆ ನೀರಲ್ಲಿ ಬೇಯಿಸಿದ್ದೋ ಕೋಳಿ ಸಾರಿನಲ್ಲೋ ಎಂದು ವಿಚಾರಿಸಿಯೇ ಕೇಳಿ.

ಇದನ್ನು ಒತ್ತಿ ಹೇಳುತ್ತೇನೆ. ದಕ್ಷಿಣದ ಅಡುಗೆಯಲ್ಲಿ ‘ತರಕಾರಿ’ ಎಂದ ಮಾತ್ರಕ್ಕೆ ಅದು ಸಸ್ಯಾಹಾರವಲ್ಲ. ಕಾಲರ್ಡ್ ಸೊಪ್ಪನ್ನು ಹಂದಿಯ ಮೂಳೆಯೊಂದಿಗೆ ಗಂಟೆಗಟ್ಟಲೆ ಕುದಿಸುತ್ತಾರೆ. ಬೀನ್ಸ್, ಅಲಸಂದೆಗೂ ಅದೇ ಒಗ್ಗರಣೆ. ಒಂದು ಕಡೆ ಬಡಿಸುವ ಹುಡುಗಿ ಸೊಪ್ಪಿನಲ್ಲಿ ಮಾಂಸವಿಲ್ಲ ಎಂದು ಭರವಸೆ ಕೊಟ್ಟಳು. ಅಮ್ಮ ಎರಡು ತುತ್ತು ತಿಂದ ಮೇಲೆ ತಟ್ಟೆಯ ತಳದಲ್ಲಿ ಗುಲಾಬಿ ಬಣ್ಣದ ಚೂರು ಕಂಡಿತು. ಆ ದಿನ ಅವಳು ಮತ್ತೇನೂ ಮುಟ್ಟಲಿಲ್ಲ. ತಪ್ಪು ನನ್ನದೂ ಹೌದು. ‘ಮಾಂಸ ಇದೆಯೇ’ ಎಂದು ಕೇಳಿದೆ. ‘ಹಂದಿಯ ಕೊಬ್ಬಿನಲ್ಲಿ, ಮಾಂಸದ ಸಾರಿನಲ್ಲಿ ಬೇಯಿಸಿದ್ದೀರಾ’ ಎಂದು ಕೇಳಬೇಕಿತ್ತು. ಕರಿದ ಹಸಿರು ಟೊಮೆಟೊ ಕಾಯಿ, ಮೆಕ್ಕೆಜೋಳದ ಹಿಟ್ಟು ಸವರಿ ಕರಿದ ಬೆಂಡೆಕಾಯಿ ಎರಡೂ ರುಚಿ, ಆದರೆ ಮೀನು ಕರಿದ ಎಣ್ಣೆಯೇ ಅದಕ್ಕೂ ಇರಬಹುದು, ಅದನ್ನೂ ಕೇಳಿ. ಅಡುಗೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಕೇಳಿದ ಇನ್ನೊಂದು ಕಡೆ ಅಮ್ಮನಿಗಾಗಿ ಬೇರೆ ಬಾಣಲೆಯಲ್ಲಿ ಬೆಂಡೆಕಾಯಿ ಹುರಿದು ತಂದುಕೊಟ್ಟರು. ಪಾನಿನಿ ಪೀಟ್ಸ್ ಎಂಬ ಊಟದ ಮನೆಯಲ್ಲಿ ಬೆನ್ಯೇ ಸಿಗುತ್ತದೆ: ಬಿಸಿಬಿಸಿ ಕರಿದ ಮೈದಾ ತಿಂಡಿ, ಮೇಲೆ ಸಕ್ಕರೆ ಪುಡಿ, ಹಿಂಡಿಕೊಳ್ಳಲು ನಿಂಬೆಹೋಳು. ಅಪ್ಪ ಎರಡು ದಿನವೂ ಅಲ್ಲಿಗೇ ನಡೆದರು. ಭಾನುವಾರ ಹನ್ನೆರಡರ ನಂತರ ಚರ್ಚಿನಿಂದ ಜನ ನೇರ ಊಟಕ್ಕೆ ಬರುತ್ತಾರೆ, ಹನ್ನೊಂದಕ್ಕೇ ಕುಳಿತುಬಿಡಿ. ಸೋಮವಾರ ಬಾಗಿಲು ಹಾಕುವ ಊಟದ ಮನೆಗಳು ಹಲವು, ಹೊರಡುವ ಮೊದಲು ನೋಡಿಕೊಳ್ಳಿ.

ಈ ಊರಿನ ನಿಜವಾದ ಕಥೆ ಇರುವುದು ನೆಲದಲ್ಲಿ. ನಮಗೆ ಅದು ತಿಳಿದದ್ದು ಅಪ್ಪನಿಂದ. ಅಪ್ಪ 1975ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಗ್ರಾಮಲೆಕ್ಕಿಗರಾಗಿ ಕೆಲಸಕ್ಕೆ ಸೇರಿದವರು. ಭೂ ನ್ಯಾಯಮಂಡಳಿಯ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತ ಕಾಲ ಅದು. ಕೊಲ್ಲಿಯ ಮೇಲಿನ ಉದ್ಯಾನದಲ್ಲಿ ನಡೆಯುತ್ತ ಅವರು ಕೇಳಿದರು: ‘ಇಷ್ಟು ಒಳ್ಳೆಯ ಜಾಗವನ್ನು ಶ್ರೀಮಂತರು ಹೇಗೆ ಬಿಟ್ಟರು? ಬೇರೆ ಕಡೆ ನೀರಿನ ಅಂಚಿಗೆಲ್ಲ ಬೇಲಿ ಇರುತ್ತದಲ್ಲ.’ ಉತ್ತರ ಸಿಕ್ಕಿದ್ದು ಹಳೆಯ ನಗರಸಭೆ ಕಟ್ಟಡದಲ್ಲಿರುವ ಇತಿಹಾಸ ಸಂಗ್ರಹಾಲಯದಲ್ಲಿ. ಪೇಟೆಯ ನಡುವೆಯೇ ಇದೆ, ಮೊದಲ ದಿನವೇ ಹೋಗಿ. ಆಮೇಲೆ ಊರು ಬೇರೆಯಾಗಿ ಕಾಣುತ್ತದೆ.

ಹೆನ್ರಿ ಜಾರ್ಜ್ ಎಂಬ ಅಮೆರಿಕದ ಅರ್ಥಶಾಸ್ತ್ರ ಚಿಂತಕ 1879ರಲ್ಲಿ ಒಂದು ವಾದ ಮುಂದಿಟ್ಟ. ಖಾಲಿ ನೆಲಕ್ಕೆ ಬೆಲೆ ಬರುವುದು ಸುತ್ತ ಜನ ಸೇರಿ, ರಸ್ತೆಯಾಗಿ, ಅಂಗಡಿಯಾಗಿ. ಆದ್ದರಿಂದ ನೆಲದ ಬಾಡಿಗೆ ಆ ಜನರಿಗೇ ಸೇರಬೇಕು, ದುಡಿಮೆಯ ಮೇಲೆ ಬೇರೆ ತೆರಿಗೆ ಬೇಡ. ಇದನ್ನು ನಂಬಿದ ಒಂದು ಸಣ್ಣ ಗುಂಪು, ಇ. ಬಿ. ಗ್ಯಾಸ್ಟನ್ ಎಂಬ ಪತ್ರಕರ್ತನ ಮುಂದಾಳತ್ವದಲ್ಲಿ, 1894ರ ನವೆಂಬರ್‌ನಲ್ಲಿ ಈ ದಂಡೆಗೆ ಬಂದು ನೆಲ ಕೊಂಡಿತು. ಆ ನೆಲವನ್ನು ಯಾರಿಗೂ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟಿತು. ಗುಂಪಿನ ಉತ್ತರಾಧಿಕಾರಿಯಾದ ಫೇರ್‌ಹೋಪ್ ಸಿಂಗಲ್ ಟ್ಯಾಕ್ಸ್ ಕಾರ್ಪೊರೇಷನ್ ಬಳಿ ಇಂದಿಗೂ ಸುಮಾರು 4,000 ಎಕರೆ ಇದೆ. ಪೇಟೆಯ ಬಹುಪಾಲು ಅದರ ಮೇಲೆಯೇ ನಿಂತಿದೆ. ದಂಡೆಯ ಉದ್ಯಾನಗಳನ್ನೂ ನೀರಿನೊಳಕ್ಕೆ ಚಾಚಿದ ಕಟ್ಟೆ, ಅಂದರೆ ಪಿಯರ್, ಇರುವ ಜಾಗವನ್ನೂ ಅದು 1930ರ ದಶಕದಲ್ಲಿ ಊರಿಗೆ ಬಿಟ್ಟುಕೊಟ್ಟಿತು. ಅಪ್ಪನ ಪ್ರಶ್ನೆಗೆ ಉತ್ತರ ಇದೇ. ಇನ್ನೊಂದು ಸತ್ಯವನ್ನೂ ಮರೆಯಬಾರದು: ಸಮಾನತೆಯ ಹೆಸರಿನಲ್ಲಿ ಕಟ್ಟಿದ ಈ ವಸಾಹತು ಬಿಳಿಯರಿಗೆ ಮಾತ್ರ ತೆರೆದಿತ್ತು. ಅದನ್ನು ಓದಿದಾಗ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ.

ಇಲ್ಲಿ ಮನೆ ಕೊಳ್ಳುವ ಆಸೆ ಹುಟ್ಟುವುದು ಸಹಜ, ನಮಗೂ ಹುಟ್ಟಿತು. ಶನಿವಾರ ಮಾರಾಟಕ್ಕಿದ್ದ ಒಂದು ಪುಟ್ಟ ಮನೆಯನ್ನು ನೋಡಲು ಹೋದೆವು. ಮುಂದೆ ಜಗುಲಿ, ಅಂಗಳದಲ್ಲಿ ಓಕ್ ಮರ. ದಲ್ಲಾಳಿ ಅಡುಗೆಮನೆಯ ಕಲ್ಲು, ಚಾವಣಿಯ ಎತ್ತರ ಎಲ್ಲ ಹೇಳಿದರು. ನೆಲ ಯಾರದ್ದೆಂದು ನಾವೇ ಕೇಳುವವರೆಗೆ ಹೇಳಲಿಲ್ಲ. ಅದು ಕಾರ್ಪೊರೇಷನ್ನಿನ ಗುತ್ತಿಗೆ ನೆಲ. ಅಂದರೆ ಕೊಳ್ಳುವುದು ಕಟ್ಟಡವನ್ನು ಮಾತ್ರ. ನೆಲಕ್ಕೆ 99 ವರ್ಷದ ಗುತ್ತಿಗೆ, ವರ್ಷಕ್ಕೊಮ್ಮೆ ಬಾಡಿಗೆ. ಅಪ್ಪ ಕೂಡಲೇ, ‘ಇದು ಗೇಣಿಯೇ! ಗೇಣಿ ನಿಗದಿ ಮಾಡುವವರು ಯಾರು? ಕಂದಾಯ ಕಟ್ಟುವವರು ಯಾರು?’ ಎಂದರು. ಕೇಳಬೇಕಾದ ಪ್ರಶ್ನೆಗಳೇ ಅವು. ಬಾಡಿಗೆಯಿಂದಲೇ ಕಾರ್ಪೊರೇಷನ್ ಆ ಜಾಗದ ಆಸ್ತಿ ತೆರಿಗೆಯನ್ನು ಕಟ್ಟುತ್ತದೆ, ಆದ್ದರಿಂದ ಬಾಡಿಗೆಯನ್ನು ಹೆಚ್ಚುವರಿ ಹೊರೆ ಎಂದು ಎಣಿಸಿ ಗಾಬರಿಯಾಗಬೇಕಿಲ್ಲ. ಆದರೆ ಹಿಂದಿನ ವರ್ಷಗಳ ಬಾಡಿಗೆ ಚೀಟಿಗಳನ್ನು ನೋಡಿ, ಗುತ್ತಿಗೆ ಪತ್ರವನ್ನು ವಕೀಲರಿಂದ ಓದಿಸಿ. ಸಾಲ ಕೊಡುವ ಬ್ಯಾಂಕಿಗೆ ಈ ವ್ಯವಸ್ಥೆಯ ಪರಿಚಯವಿದೆಯೇ ಎಂದು ಮೊದಲೇ ಕೇಳಿ. ಹೊರಗಿನ ಬ್ಯಾಂಕುಗಳಿಗಿಂತ ಇಲ್ಲಿನವರಿಗೆ ಇದು ನೀರು ಕುಡಿದಷ್ಟು ಸಲೀಸು.

ಇನ್ನು ಬಿರುಗಾಳಿ. ಸ್ಯಾಲಿ ಎಂಬ ಚಂಡಮಾರುತ 2020ರ ಸೆಪ್ಟೆಂಬರ್ 16ರಂದು ಹತ್ತಿರದ ಗಲ್ಫ್ ಶೋರ್ಸ್‌ಗೆ ಅಪ್ಪಳಿಸಿತು. ಸಾಮಾನ್ಯ ಗೃಹವಿಮೆಯಲ್ಲಿ ನೆರೆಹಾನಿ ಸೇರುವುದಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ಗಾಳಿ ತಡೆಯುವಂತೆ ಕಟ್ಟಿ ‘ಫೋರ್ಟಿಫೈಡ್’ ಪ್ರಮಾಣಪತ್ರ ಪಡೆದ ಚಾವಣಿಯಿದ್ದರೆ ಅಲಬಾಮಾದಲ್ಲಿ ವಿಮೆಯ ಕಂತು ಇಳಿಯುತ್ತದೆ. ಮನೆಯ ಬೆಲೆಗಿಂತ ಮೊದಲು ವಿಮೆಯ ಕಂತು ಕೇಳಿ ಎಂದೇ ನಾನು ಹೇಳುವುದು. ನಾವು ಆ ಮನೆ ಕೊಳ್ಳಲಿಲ್ಲ. ಗುತ್ತಿಗೆ ನೆಲವೆಂದಲ್ಲ, ವಿಮೆಯ ಮೊತ್ತ ನೋಡಿ.

ಹೆಚ್ಚು ಜನ ನೋಡದೆ ಬರುವ ಒಂದು ಜಾಗವಿದೆ. ಪಕ್ಕದ ಮಾಂಟ್ರೋಸ್‌ನಲ್ಲಿ, ಕಚೇರಿ ಕಟ್ಟಡಗಳ ಪಾರ್ಕಿಂಗ್ ನಡುವೆ, ಹದಿನಾಲ್ಕು ಅಡಿ ಅಗಲದ ಒಂದು ದುಂಡು ಗುಡಿಸಲು. ಕ್ಷಯದಿಂದ ಹೆಚ್ಚು ದಿನ ಬದುಕುವುದಿಲ್ಲ ಎಂದು ವೈದ್ಯರಿಂದ ಕೇಳಿದ ಹೆನ್ರಿ ಸ್ಟುವರ್ಟ್ ಎಂಬಾತ ಐಡಾಹೋ ರಾಜ್ಯದಿಂದ ಬಂದು, ತಾನೇ ಕಾಂಕ್ರೀಟ್ ಇಟ್ಟಿಗೆ ಮಾಡಿ ಇದನ್ನು ಕಟ್ಟಿ, ಮಗ್ಗದಲ್ಲಿ ನೇಯುತ್ತ ಮತ್ತೆ ಇಪ್ಪತ್ತು ವರ್ಷ ಬದುಕಿದ. ಜಾಗಕ್ಕೆ ಟಾಲ್‌ಸ್ಟಾಯ್ ಪಾರ್ಕ್ ಎಂದು ಹೆಸರಿಟ್ಟ. ಟಾಲ್‌ಸ್ಟಾಯ್ ಕೂಡ ಹೆನ್ರಿ ಜಾರ್ಜ್‌ನ ವಾದವನ್ನು ಎತ್ತಿಹಿಡಿದವನೇ. ನೆಲ ಒಳಗೆ ತಗ್ಗಿದೆ. ಅಪ್ಪ ಬಾಗಿ ಇಳಿದು, ಗೋಡೆಗೆ ಅಂಗೈ ಒತ್ತಿ, ‘ಮಳೆಗಾಲದಲ್ಲಿ ಒಳಗೆ ಬೆಚ್ಚಗಿರುತ್ತದೆ’ ಎಂದರು.

ಆಗಸ್ಟ್‌ನಲ್ಲಿ ನಾವಿಬ್ಬರೇ ಹೋದದ್ದು ‘ಜುಬಿಲಿ’ ನೋಡುವ ಆಸೆಯಿಂದ. ಬೇಸಿಗೆಯ ಕೆಲವು ರಾತ್ರಿ, ಮೂಡಣ ಗಾಳಿ ಮೆಲ್ಲಗೆ ಬೀಸಿ, ಕೊಲ್ಲಿ ಅಲುಗದೆ ನಿಂತು, ಉಬ್ಬರ ಏರುವಾಗ, ಆಮ್ಲಜನಕ ಕುಂದಿದ ತಳದ ನೀರು ದಂಡೆಯತ್ತ ಸರಿಯುತ್ತದೆ. ಅದರ ಮುಂದೆ ಓಡಿಬಂದ ಏಡಿ, ಸಿಗಡಿ, ನಮ್ಮ ನಂಗು ಮೀನನ್ನು ಹೋಲುವ ಚಪ್ಪಟೆ ಮೀನು ಎಲ್ಲವೂ ಮೊಣಕಾಲುದ್ದದ ನೀರಿನಲ್ಲಿ ಮಂಕಾಗಿ ಗುಂಪುಗೂಡುತ್ತವೆ. ಮೊದಲು ಕಂಡವರು ‘ಜುಬಿಲಿ!’ ಎಂದು ಕೂಗಿ ನೆರೆಹೊರೆಯವರನ್ನು ಎಬ್ಬಿಸುತ್ತಾರೆ, ಬಕೆಟ್ಟು ಲಾಟೀನು ಹಿಡಿದು ಎಲ್ಲರೂ ಇಳಿಯುತ್ತಾರೆ. ಮೂರು ರಾತ್ರಿ ಮೂರು ಗಂಟೆಗೆ ಎದ್ದು ದಂಡೆಗೆ ಹೋದೆವು, ನಮಗೆ ಕಾಣಲಿಲ್ಲ. ಟಾರ್ಚ್ ಹಿಡಿದು ನಡೆಯುತ್ತಿದ್ದ ಹಿರಿಯ ಹೆಂಗಸೊಬ್ಬರು, ಒಂದು ಜುಬಿಲಿಯಲ್ಲಿ ಮದುವೆಯ ಸೀರೆಯಷ್ಟು ಬೆಲೆಬಾಳುವ ತಮ್ಮ ಉಡುಪಿನಲ್ಲೇ ನೀರಿಗಿಳಿದದ್ದನ್ನು ನೆನೆದು ನಕ್ಕರು. ಇದಕ್ಕೆಂದೇ ಹೋಗುವವರು ಒಂದು ವಾರವಾದರೂ ಇರಿ. ಸಂಜೆ ಮೀನುಗಾರರನ್ನು ಗಾಳಿಯ ಬಗ್ಗೆ ಕೇಳಿ. ರಬ್ಬರ್ ತಳದ ಚಪ್ಪಲಿ ಮರೆಯಬೇಡಿ. ಪಿಯರ್ ದುರಸ್ತಿಗೆ ಮುಚ್ಚಿರುವುದುಂಟು, ಅದನ್ನೂ ನೋಡಿಕೊಂಡು ಹೊರಡಿ.

ಚಳಿಗಾಲದಲ್ಲಿ ಹೋಗುವವರಿಗೆ ನವೆಂಬರ್‌ನಲ್ಲಿ ಪೇಟೆಯ ಮರಗಳಿಗೆಲ್ಲ ದೀಪ ಹಚ್ಚುವ ಸಂಜೆಯಿದೆ, ಕ್ರೈಸ್ತರ ಉಪವಾಸದ ಕಾಲವಾದ ಲೆಂಟ್‌ಗೆ ಮುಂಚೆ ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಗಳಿವೆ. ಮೆರವಣಿಗೆಯ ರಥಗಳಿಂದ ಮಣಿಸರ, ಮೂನ್ ಪೈ ಎಂಬ ಸಿಹಿ ಬಿಸ್ಕತ್ತು ತೂರುತ್ತಾರೆ; ಮಕ್ಕಳಿದ್ದರೆ ಒಂದು ಚೀಲ ಒಯ್ಯಿರಿ. ಪಾಯಿಂಟ್ ಕ್ಲಿಯರ್‌ನ 1847ರ ಗ್ರ್ಯಾಂಡ್ ಹೋಟೆಲಿನಲ್ಲಿ ತಂಗದಿದ್ದರೂ ಮಧ್ಯಾಹ್ನ ನಾಲ್ಕರ ಸುಮಾರಿಗೆ ಅಲ್ಲಿ ತೋಪು ಹಾರಿಸುವುದನ್ನು ನೋಡಬಹುದು. ಅಮ್ಮನಂತೆ ಕಿವಿ ಮುಚ್ಚಿಕೊಳ್ಳಿ.

ಮರಳುವ ದಾರಿಯಲ್ಲಿ ಹಳ್ಳಿರಸ್ತೆಯ ಬದಿಗೆ ಕೈಬರಹದ ಫಲಕಗಳು ಕಾಣುತ್ತವೆ: ಬೇಯಿಸಿದ ಕಡಲೆಕಾಯಿ. ದೊಡ್ಡ ಹಂಡೆಯಿಂದ ಉಪ್ಪುನೀರು ಸೋರುತ್ತಿರುವಾಗಲೇ ಎತ್ತಿಕೊಡುತ್ತಾರೆ. ಬಸವನಗುಡಿಯ ಪರಿಷೆಯ ರುಚಿಯೇ, ಉಪ್ಪು ತುಸು ಮುಂದು. ದೊಡ್ಡ ಪೊಟ್ಟಣವನ್ನೇ ಕೊಳ್ಳಿ, ಸಿಪ್ಪೆಗೆ ಬೇರೆ ಚೀಲ ಇಟ್ಟುಕೊಳ್ಳಿ. ನಮ್ಮ ಕಾರಿನಲ್ಲಿ ಅದು ಮಾಂಟ್ಗೊಮರಿ ಮುಟ್ಟುವ ಮೊದಲೇ ಮುಗಿದಿತ್ತು. ಜಾರ್ಜಿಯಾ ಗಡಿಯಲ್ಲಿ ಆ ಒಂದು ಗಂಟೆಯನ್ನು ಹಿಂದಿರುಗಿಸಬೇಕಾಗುತ್ತದೆ, ಆದ್ದರಿಂದ ಕತ್ತಲಾಗುವ ಮೊದಲು ಮನೆ ಸೇರಬೇಕಿದ್ದರೆ ಬೆಳಿಗ್ಗೆ ಒಂಬತ್ತಕ್ಕೇ ಹೊರಡಿ.